ಮರುವಾಯಿಗೂ ಒಂದು ರಿಪೋರ್ಟ್ ಬೇಡ್ವಾ?

ಮೊನ್ನೆ ಆದಿತ್ಯವಾರ ಮೀನಿನ ಅಕ್ಕನ ಬುಟ್ಟಿಯಿಂದ ಇನ್ನೂರು ಮರುವಾಯಿ ಎಣಿಸಿ ತಗೊಂಡೆ. ಮಗಳು ಚೊಚ್ಚಲ ಹೆರಿಗೆಗೆ ಮನೆಗೆ ಬಂದಿದ್ದಾಳೆ, ಅವಳಿಗೆ ಸುಕ್ಕ ಅಂದ್ರೆ ಪ್ರಾಣ. ನಾನು ಮೆಟ್ಟುಕತ್ತಿಯಲ್ಲಿ ಚಿಪ್ಪು ಬಿಡಿಸ್ತಾ ಇದ್ದಾಗ ಕೇಳಿದ್ಳು: "ಅಮ್ಮಾ, ಇದು ಯಾವ ಹೊಳೆಯದ್ದು? ನಾನು ತಿನ್ಬಹುದಾ?"

ಅತ್ತೆ ಇದ್ದಿದ್ರೆ "ಉಷ್ಣ, ಬೇಡ" ಅಂತಿದ್ರು. ಮಗಳು ಕೇಳಿದ್ದು ಅದಲ್ಲ. ಹೊಳೆಗೆ ಬಂದು ಸೇರುವ ಕಾರ್ಖಾನೆ ನೀರಿನ ವಿಷಯ. ನನಗೆ ಉತ್ತರ ಗೊತ್ತಿರ್ಲಿಲ್ಲ.

ಮೀನು ಹಳತಾದ್ರೆ ಕಿವಿರು ನೋಡಿ ಹೇಳ್ತೇವೆ. 2018ರ ಫಾರ್ಮಲಿನ್ ಗಲಾಟೆಯಲ್ಲಿ ಅದನ್ನು ಪತ್ತೆ ಮಾಡ್ಲಿಕ್ಕೆ ಕಾಗದದ ಪಟ್ಟಿಯ ಕಿಟ್ ಬಂತು, ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಮಾಡಿದ್ದು. ಸೀಸ, ಕ್ಯಾಡ್ಮಿಯಂ, ಪಾದರಸ ಹಾಗಲ್ಲ. ಅದಕ್ಕೆ ಲ್ಯಾಬೇ ಆಗ್ಬೇಕು. ರಾತ್ರಿಯಿಡೀ ನೀರಲ್ಲಿ ಹಾಕಿಟ್ರೆ ಹೊಯ್ಗೆ ಹೋಗ್ತದೆ, ಲೋಹ ಹೋಗುದಿಲ್ಲ. ಬೇಯಿಸಿದ್ರೆ ಕ್ರಿಮಿ ಸಾಯ್ತದೆ, ಸೀಸಕ್ಕೆ ಎಂತ ಆಗ್ತದೆ? ಮೀನಿನದ್ದಾದ್ರೆ ಹೊಟ್ಟೆ ತೆಗೆದು ಬಿಸಾಡ್ತೇವೆ. ಮರುವಾಯಿಯನ್ನು ಕರುಳು ಸಮೇತ ತಿನ್ನುದು.

ಜಪಾನಿನ ಮಿನಾಮಾಟದಲ್ಲಿ ಕಾರ್ಖಾನೆಯ ಪಾದರಸ ಸಮುದ್ರ ಸೇರಿ ಮೀನು, ಚಿಪ್ಪಿನ ಮೂಲಕ ಜನರ ಹೊಟ್ಟೆಗೆ ಹೋಯ್ತು. ರೋಗ ಬೆಳಕಿಗೆ ಬಂದದ್ದು 1956ರಲ್ಲಿ. ತಾಯಿಗೆ ಹೆಚ್ಚೇನೂ ಆಗದಿದ್ರೂ ಹುಟ್ಟಿದ ಮಗುವಿನ ಮಿದುಳಿಗೆ ಪೆಟ್ಟಾದದ್ದುಂಟು. ನಮ್ಮ ಹೊಳೆಯೂ ಹಾಗೇ ಆಗಿದೆ ಅಂತ ನಾನು ಹೇಳ್ತಾ ಇಲ್ಲ ಮಾರಾಯ್ರೆ. ಆಗಿಲ್ಲ ಅಂತ ಹೇಳ್ಲಿಕ್ಕಾದ್ರೂ ಒಂದು ಕಾಗದ ಬೇಕಲ್ಲ?

ಮಾಲಿನ್ಯ ನಿಯಂತ್ರಣ ಮಂಡಳಿಯವರು ಹೊಳೆ ನೀರು ಪರೀಕ್ಷೆ ಮಾಡ್ತಾರೆ, ಸರಿ. ನೀರಲ್ಲಿ ಸ್ವಲ್ಪವೇ ಇದ್ದದ್ದು ಮರುವಾಯಿಯ ಮೈಯಲ್ಲಿ ಕೂಡ್ತಾ ಹೋಗ್ತದೆ. ಅದು ಇದ್ದಲ್ಲೇ ಇದ್ದು ನೀರು ಸೋಸಿ ಬದುಕುವ ಜೀವ. ಅಮೆರಿಕದವರು 1986ರಿಂದ ಕರಾವಳಿಯ ಚಿಪ್ಪುಗಳನ್ನೇ ಹೆಕ್ಕಿ ಪರೀಕ್ಷೆ ಮಾಡಿ ನೀರಿನ ಗತಿ ತಿಳ್ಕೊಳ್ತಾರೆ, 'ಮಸೆಲ್ ವಾಚ್' ಅಂತ ಅದರ ಹೆಸರು. ನಮ್ಮಲ್ಲೂ ಆಹಾರ ಸುರಕ್ಷತಾ ಪ್ರಾಧಿಕಾರ ಮೀನು, ಚಿಪ್ಪಿಗೆ ಲೋಹದ ಮಿತಿ ಹಾಕಿದೆ. ವಿದೇಶಕ್ಕೆ ಹೋಗುವ ಮೀನಿಗೆ ಪರೀಕ್ಷೆ, ಸರ್ಟಿಫಿಕೇಟು ಎಲ್ಲ ಉಂಟು. ನಮ್ಮ ಬುಟ್ಟಿಗೆ ಅಂತದ್ದು ನಾನು ಕಂಡದ್ದಿಲ್ಲ.

ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಬಿಟ್ಟ ಮೇಲೆ ಒಮ್ಮೆ, ಹೆಕ್ಕುವ ಒಂದೊಂದು ಜಾಗದ್ದೂ ಮಾಂಸ ಪರೀಕ್ಷೆ ಆಗ್ಲಿ. ಫಲ್ಗುಣಿಯದ್ದು ಬೇರೆ, ನೇತ್ರಾವತಿಯದ್ದು ಬೇರೆ. ಮೀನು ಮಾರ್ಕೆಟಿನ ಗೋಡೆಯಲ್ಲಿ ಕನ್ನಡದಲ್ಲಿ ಬರೆದು ಹಾಕ್ಲಿ.

ಮೀನಿನ ಅಕ್ಕನಿಗೆ ಇದನ್ನು ಹೇಳಿದ್ರೆ ಮುಖ ಸಣ್ಣ ಆಯ್ತು. "ಅಮ್ಮ, ವಿಷ ಅಂತ ಬೋರ್ಡು ಹಾಕಿದ್ರೆ ನಾವು ಎಂತ ತಿನ್ನುದು?" ಅವರ ಹೆದರಿಕೆ ಸುಳ್ಳಲ್ಲ. ಒಂದು ಜಾಗ ಕೆಟ್ಟಿದ್ರೆ ಆ ಜಾಗ ಮಾತ್ರ ಬಂದ್ ಆಗ್ಬೇಕು, ಅಲ್ಲಿ ಹೆಕ್ಕುವವರಿಗೆ ಪರಿಹಾರ ಸಿಗ್ಬೇಕು. ಅದೂ ಕೆಡಿಸಿದವರ ಕಿಸೆಯಿಂದ. ಈಗಾದ್ರೆ ವಾಟ್ಸಾಪಲ್ಲಿ ಒಂದು ಸುದ್ದಿ ಬಂದ್ರೆ ಸಾಕು, ಎಲ್ಲ ಹೊಳೆಯ ಬುಟ್ಟಿಯೂ ಹಾಗೇ ಉಳಿತದೆ.

ಅವತ್ತು ಸುಕ್ಕ ಮಾಡಿದೆ. ಮಗಳು ಎರಡೇ ಚಮಚ ಹಾಕ್ಕೊಂಡ್ಳು. ಇನ್ನೂ ಸ್ವಲ್ಪ ಹಾಕ್ಕೋ ಅಂತ ನಾನೂ ಹೇಳ್ಲಿಲ್ಲ.