ನಗಿಸುವವನು ಮನೋವ್ಯಾಧಿಯನ್ನು ಕುರಿತು ಬರೆಯಬಾರದೆ?

ನಮ್ಮ ಪಟ್ಟಣದ ಪಡುವಣ ಬಡಾವಣೆಗಳ ವಿದ್ಯಾವಂತ ಕುಟುಂಬಗಳಲ್ಲಿ ಈಚೆಗೆ ಒಂದು ವಿವಾದವು ಆಗಾಗ ಕಿವಿಗೆ ಬೀಳುತ್ತಿದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಎಲ್ಲಿ ನೋಡಿದರೂ ಮಗನ ಅಥವಾ ಮಗಳ ಕೈಯಲ್ಲಿ ಮೊಬೈಲ್ ಉಂಟು. ಅದರೊಳಗೆ ಅವರಿಗೆ ಪ್ರಿಯನಾದ ಒಬ್ಬ ನಗೆಗಾರನೋ ಮಾತುಗಾರನೋ ಉಂಟು. ಅಂಥವನೊಬ್ಬನು ಒಂದು ದಿನ ತನ್ನ ಮನಸ್ಸಿನ ಕಾಯಿಲೆಯನ್ನು ಬಾಯಿಬಿಟ್ಟು ಹೇಳಿ, ಆ ವಿಷಯವಾಗಿ ಒಂದು ಪುಸ್ತಕವನ್ನೂ ಪ್ರಕಟಿಸಿದನೆಂದರೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. “ಜನರನ್ನು ನಗಿಸಿ ಹೊಟ್ಟೆ ಹೊರೆಯುವವನಿಗೆ ವೈದ್ಯರ ಉಸಾಬರಿ ಏತಕ್ಕೆ?” ಎಂಬುದು ಹಿರಿಯರ ಪಕ್ಷ. “ನಮ್ಮನ್ನು ಅವನಷ್ಟು ಅರಿತವರು ಬೇರೆ ಯಾರಿದ್ದಾರೆ? ಅವನ ಪುಸ್ತಕದಲ್ಲಿ ತಪ್ಪು ಹುಡುಕುವುದು ಕೃತಘ್ನತೆ” ಎಂಬುದು ಕಿರಿಯರ ಪಕ್ಷ. ಎರಡೂ ತಪ್ಪು, ಆದರೆ ಹಿರಿಯರ ತಪ್ಪೇ ಹೆಚ್ಚಿನದು ಎಂಬುದು ಈ ಲೇಖನದ ಪ್ರತಿಜ್ಞೆ.

ಮೊದಲು ಹಿರಿಯರ ಆಕ್ಷೇಪಣೆಯನ್ನು ವಿಚಾರ ಮಾಡೋಣ. ನಗಿಸುವವನು ಮನೋವ್ಯಾಧಿಯ ವಿಷಯವನ್ನು ಮುಟ್ಟಕೂಡದೆನ್ನುವವರು ಕನ್ನಡದ ಈಚಿನ ಚರಿತ್ರೆಯನ್ನೇ ಮರೆತಿದ್ದಾರೆ. 1942ರಲ್ಲಿ ಇದೇ ಬೆಂಗಳೂರಿನಿಂದ ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಹೊರಟಿತು. ‘ರಾಶಿ’ ಎಂಬ ಹೆಸರಿನಿಂದ ನಾಡಿಗೆಲ್ಲ ಪರಿಚಿತರಾದ ಡಾಕ್ಟರ್ ಎಂ. ಶಿವರಾಂ ಅವರು ಅದರ ಸಂಪಾದಕರು. ಆರ್. ಕೆ. ಲಕ್ಷ್ಮಣರು ದೇಶಪ್ರಸಿದ್ಧರಾಗುವುದಕ್ಕೆ ಮುನ್ನವೇ ಅವರ ವ್ಯಂಗ್ಯಚಿತ್ರಗಳನ್ನು ಕನ್ನಡಿಗರು ಕಂಡದ್ದು ಆ ಪತ್ರಿಕೆಯಲ್ಲಿ. 1967ರವರೆಗೆ ಇಪ್ಪತ್ತೈದು ವರ್ಷ ಕಾಲ ಅದು ನಮ್ಮವರನ್ನು ನಗಿಸಿತು. ಆ ನಗೆಯ ಲೇಖಕರೇ ಮನಸ್ಸಿನ ವ್ಯಾಪಾರಗಳನ್ನೂ ವಿಕಾರಗಳನ್ನೂ ಕುರಿತು ‘ಮನಮಂಥನ’ವೆಂಬ ಗ್ರಂಥವನ್ನು ಬರೆದರು. 1976ರಲ್ಲಿ ಅವರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದದ್ದು ಯಾವ ಹಾಸ್ಯಪ್ರಬಂಧಕ್ಕೂ ಅಲ್ಲ, ಈ ಗ್ರಂಥಕ್ಕೆ. ನಗೆಯೂ ಮನೋವೈದ್ಯವೂ ಒಂದೇ ಲೇಖನಿಯಿಂದ ಹೊರಡಬಾರದೆಂಬ ವಾದವು ನಮ್ಮ ನಾಡಿನಲ್ಲಿ ಐವತ್ತು ವರ್ಷದ ಹಿಂದೆಯೇ ಬಿದ್ದುಹೋಗಿದೆ.

“ರಾಶಿಯವರು ವೃತ್ತಿಯಿಂದಲೇ ವೈದ್ಯರು, ಇಂದಿನ ಯೂಟ್ಯೂಬಿನ ಹುಡುಗರು ಏನು ಓದಿದ್ದಾರೆ?” ಎಂದು ಹಿರಿಯರು ಪ್ರತ್ಯುತ್ತರ ಕೊಡಬಹುದು. ಮಾತು ಯುಕ್ತವಾಗಿದೆ. ಆದರೆ ಹಾಗೆಂದ ಕೂಡಲೆ ಆಕ್ಷೇಪಣೆಯ ಸ್ಥಾನವೇ ಬದಲಾಯಿತೆಂಬುದನ್ನು ಅವರು ಗಮನಿಸಬೇಕು. ಲೇಖಕನು ನಗಿಸುವವನೆಂಬುದು ಇನ್ನು ಮುಂದೆ ದೋಷವಲ್ಲ. ಅವನಿಗೆ ತಿಳಿವಳಿಕೆ ಉಂಟೆ, ಇಲ್ಲದಿದ್ದರೆ ಬಲ್ಲವರಿಂದ ಪಡೆದುಕೊಂಡನೆ ಎಂಬುದೇ ಪ್ರಶ್ನೆ. ಇದಕ್ಕೆ ಹೊರನಾಡಿನ ಒಂದು ದೃಷ್ಟಾಂತವನ್ನು ಕೊಡುವೆವು. ಇಂಗ್ಲೆಂಡಿನ ಡ್ಯಾನಿಯಲ್ ಹೊವೆಲ್ ಎಂಬ ಯುವಕನು 2009ರಿಂದ ಯೂಟ್ಯೂಬಿನಲ್ಲಿ ವಿನೋದದ ಮಾತುಗಳಿಂದ ಹೆಸರಾದವನು. 2017ರಲ್ಲಿ ಅವನು ತನಗೆ ಖಿನ್ನತೆಯ ಕಾಯಿಲೆಯಿರುವುದನ್ನು ತನ್ನ ನೋಟಕರಿಗೆ ತಾನೇ ತಿಳಿಸಿದನು. 2021ರಲ್ಲಿ ‘ಯು ವಿಲ್ ಗೆಟ್ ಥ್ರೂ ದಿಸ್ ನೈಟ್’, ಎಂದರೆ ‘ಈ ರಾತ್ರಿಯನ್ನು ನೀನು ದಾಟುವೆ’ ಎಂಬ ಗ್ರಂಥವನ್ನು ಪ್ರಕಟಿಸಿದನು. ಅವನು ವೈದ್ಯನಲ್ಲ. ಆದುದರಿಂದಲೇ ಹೆದರ್ ಬೋಲ್ಟನ್ ಎಂಬ ಮನಶ್ಶಾಸ್ತ್ರಜ್ಞೆಯ ನೆರವನ್ನು ಪಡೆದು ಬರೆದನು. ಈ ರಾತ್ರಿ, ನಾಳೆ, ಅದರಾಚೆಯ ದಿನಗಳು ಎಂದು ಗ್ರಂಥವನ್ನು ಮೂರು ಭಾಗ ಮಾಡಿದನು. ಸಂಕಟದಲ್ಲಿರುವವನಿಗೆ ಮೊದಲು ಬೇಕಾದದ್ದು ಈ ರಾತ್ರಿಯನ್ನು ಕಳೆಯುವ ಉಪಾಯ, ಆಮೇಲೆ ಉಳಿದದ್ದು. ಈ ಕ್ರಮದಲ್ಲಿ ವಿವೇಕವಿದೆ. ತನಗೆ ತಿಳಿಯದುದನ್ನು ಬಲ್ಲವರಿಂದ ಕೇಳಿ ಬರೆದವನನ್ನು ‘ಉಸಾಬರಿ’ಯವನೆನ್ನುವುದು ನ್ಯಾಯವಲ್ಲ.

ಇನ್ನು ಅಭಿಮಾನಿಗಳ ಪಕ್ಷ. ಇಂತಹ ಪುಸ್ತಕವು ಕೈಸೇರಿದಾಗ ಅಭಿಮಾನಿಯ ಮನಸ್ಸು ಇಬ್ಬಗೆಯಾಗುವುದು ಸಹಜವೇ ಸರಿ. ತಾನು ನಕ್ಕ ದಿನಗಳಲ್ಲೇ ನಗಿಸಿದವನು ಅಳುತ್ತಿದ್ದನೆಂದು ತಿಳಿದಾಗ ಹಳೆಯ ನಗೆಯೂ ಚುಚ್ಚುತ್ತದೆ. ತನ್ನ ಪಾಡನ್ನು ಇನ್ನೊಬ್ಬನು ಮಾತಿನಲ್ಲಿ ಇಟ್ಟನಲ್ಲಾ ಎಂಬ ಸಮಾಧಾನವೂ ಉಂಟು. ಗೆಳೆಯನ ಕಾಗದವನ್ನು ನಿರೀಕ್ಷಿಸಿದ್ದವನಿಗೆ ಪಾಠದ ಪುಸ್ತಕ ಬಂದಿತೆಂಬ ನಿರಾಶೆಯೂ, ಪುಕ್ಕಟೆಯಾಗಿ ಕೊಟ್ಟ ಸ್ನೇಹಕ್ಕೆ ಈಗ ಬೆಲೆಚೀಟಿ ಅಂಟಿಸಿದನೆ ಎಂಬ ಅನುಮಾನವೂ ಉಂಟು. ಈ ಇಬ್ಬಗೆಯನ್ನು ನಾವು ದೋಷವೆನ್ನುವುದಿಲ್ಲ. ಓದುಗನ ವಿವೇಕವು ಇನ್ನೂ ಜೀವಂತವಾಗಿದೆ ಎಂಬುದಕ್ಕೆ ಅದೇ ಸಾಕ್ಷಿ. ಅದನ್ನು ಅದುಮಿ, ‘ನಮ್ಮವನು’ ಎಂಬ ಒಂದೇ ಕಾರಣದಿಂದ ಗ್ರಂಥಕ್ಕೆ ಜಯಕಾರ ಹಾಕುವುದೇ ದೋಷ.

ಏಕೆಂದರೆ ಇದು ಕಾದಂಬರಿಯಲ್ಲ. ಕಾದಂಬರಿ ಕೆಟ್ಟರೆ ಒಂದು ಸಂಜೆ ನಷ್ಟವಾದೀತು. ಮನೋವ್ಯಾಧಿಯ ಗ್ರಂಥ ಕೆಟ್ಟರೆ ಒಂದು ಜೀವಕ್ಕೇ ಅಪಾಯ ಬಂದೀತು. ಲೇಖಕನ ಪಾಡು ತನ್ನ ಪಾಡಿನಂತೆ ಕಂಡ ಮಾತ್ರಕ್ಕೆ ಲೇಖಕನ ಕಾಯಿಲೆಯೇ ತನ್ನದೆಂದು ಓದುಗನು ತೀರ್ಮಾನಿಸಕೂಡದು. ಥೈರಾಯ್ಡ್ ಗ್ರಂಥಿಯ ಕೊರತೆಯು ಖಿನ್ನತೆಯ ವೇಷದಲ್ಲಿ ಬರುವುದುಂಟು. ಅದನ್ನು ಹೇಳತಕ್ಕದ್ದು ರಕ್ತಪರೀಕ್ಷೆ. ಕೆಲವರಲ್ಲಿ ಖಿನ್ನತೆಯೂ ಅತ್ಯುತ್ಸಾಹವೂ ಸರದಿಯಾಗಿ ಬರುತ್ತವೆ. ಅಂಥವರಿಗೆ ಕೊಡುವ ಔಷಧವೇ ಬೇರೆ. ಲೇಖಕನು ಔಷಧವಿಲ್ಲದೆ ಚೇತರಿಸಿಕೊಂಡನೆಂದು ಓದಿ ತನ್ನ ಮಾತ್ರೆಗಳನ್ನು ಥಟ್ಟನೆ ನಿಲ್ಲಿಸುವವನು ಕೇಡನ್ನು ಕೈಯಾರೆ ಕರೆದುಕೊಳ್ಳುತ್ತಾನೆ. ಆದುದರಿಂದ ಅಭಿಮಾನಿಯು ತನ್ನ ಪ್ರಿಯ ಲೇಖಕನನ್ನು ಮೂರು ಪ್ರಶ್ನೆ ಕೇಳಲೇಬೇಕು. ನಿನಗೆ ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂಬುದನ್ನು ಬರೆದಿದ್ದೀಯೆ? ಬಲ್ಲವರು ನಿನ್ನ ಹಸ್ತಪ್ರತಿಯನ್ನು ನೋಡಿದ್ದಾರೆಯೆ? ನಿನ್ನ ಪುಸ್ತಕ ಮುಗಿದೆಡೆಯಲ್ಲಿ ವೈದ್ಯರ ಬಾಗಿಲಿಗೆ ದಾರಿ ತೋರಿಸಿದ್ದೀಯೆ? ಆರೋಗ್ಯದ ವಿಷಯವಾಗಿ ಪ್ರಚಾರ ಮಾಡುವ ಪ್ರಸಿದ್ಧರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಾಗದೆಂಬುದನ್ನು ಸ್ಪಷ್ಟಪಡಿಸಬೇಕೆಂದು ಕೇಂದ್ರ ಸರ್ಕಾರವು 2023ರ ಆಗಸ್ಟ್ ತಿಂಗಳಲ್ಲಿ ಮಾರ್ಗಸೂಚಿ ಹೊರಡಿಸಿತು. ಜಾಹೀರಾತಿನಿಂದ ಅಪೇಕ್ಷಿಸುವ ಈ ಮರ್ಯಾದೆಯನ್ನು ಗ್ರಂಥದಿಂದ ಅಪೇಕ್ಷಿಸಬಾರದೆ? ಈ ಮೂರು ಪ್ರಶ್ನೆಗಳಿಗೆ ಉತ್ತರವಿಲ್ಲದ ಪುಸ್ತಕವನ್ನು, ಬರೆದವನು ಎಷ್ಟೇ ಪ್ರಿಯನಾಗಿರಲಿ, ಬದಿಗಿಡತಕ್ಕದ್ದು.

ಇಷ್ಟನ್ನು ಓದಿ ತಲೆದೂಗುತ್ತಿರುವ ಹಿರಿಯರಿಗೆ ಈಗ ನಮ್ಮದೊಂದು ಪ್ರಶ್ನೆ. ನಿಮ್ಮ ಮಗನು ತನ್ನ ಸಂಕಟವನ್ನು ನಿಮ್ಮಲ್ಲಿ ಹೇಳದೆ, ಸಾವಿರಾರು ಮೈಲಿಯಾಚೆಯ ಅಪರಿಚಿತನ ಮಾತಿನಲ್ಲಿ ಹುಡುಕಿದ್ದು ಏತಕ್ಕೆ? ಕಾರಣವು ದೂರದಲ್ಲಿಲ್ಲ. ನಮ್ಮ ಮನೆಗಳಲ್ಲಿ ಯಾರಾದರೂ ಕೊಂಚ ವಿಚಿತ್ರವಾಗಿ ನಡೆದರೆ “ಇವನನ್ನು ನಿಮ್ಹಾನ್ಸಿಗೆ ಸೇರಿಸಬೇಕು” ಎಂದು ನಗುವುದು ವಾಡಿಕೆ. 1954ರಲ್ಲಿ ಅಖಿಲ ಭಾರತ ಸಂಸ್ಥೆಯಾಗಿ ಆರಂಭವಾಗಿ, 1974ರಲ್ಲಿ ಇಂದಿನ ರೂಪವನ್ನು ತಾಳಿದ, ದೇಶಕ್ಕೇ ಮಾದರಿಯಾದ ಆಸ್ಪತ್ರೆಯೊಂದು ನಮ್ಮೂರಿನ ಹೊಸೂರು ರಸ್ತೆಯಲ್ಲಿದೆ. ಪರನಾಡಿನವರು ರೈಲು ಹತ್ತಿ ಅಲ್ಲಿಗೆ ಬರುತ್ತಾರೆ. ನಾವು ಅದರ ಹೆಸರನ್ನು ಬೈಗುಳ ಮಾಡಿಕೊಂಡಿದ್ದೇವೆ! ಆ ಬೈಗುಳವನ್ನು ಊಟದ ಮನೆಯಲ್ಲಿ ಕೇಳುತ್ತ ಬೆಳೆದ ಮಗುವು, ತನಗೆ ನಿದ್ದೆ ಬಾರದ ರಾತ್ರಿಯಲ್ಲಿ, ಪಕ್ಕದ ಕೋಣೆಯ ತಂದೆಯನ್ನು ಎಬ್ಬಿಸೀತೆ?

“ವೈದ್ಯರು ಬರೆಯಲಿ” ಎನ್ನುತ್ತೀರಿ. ವೈದ್ಯರು ಬರೆದಿದ್ದಾರೆ. ನಿಮ್ಹಾನ್ಸಿನಲ್ಲಿ ಸೇವೆ ಸಲ್ಲಿಸಿದ ಡಾಕ್ಟರ್ ಸಿ. ಆರ್. ಚಂದ್ರಶೇಖರ್ ಅವರೊಬ್ಬರೇ ಕನ್ನಡದಲ್ಲಿ ನೂರಕ್ಕೂ ಮಿಕ್ಕ ಪುಸ್ತಕಗಳನ್ನು ಕೊಟ್ಟಿದ್ದಾರೆ. ಅವುಗಳಲ್ಲಿ ಒಂದಾದರೂ ನಿಮ್ಮ ಬೀರುವಿನಲ್ಲಿ ಉಂಟೆ? ಪಂಚಾಂಗಕ್ಕೂ ಅಡುಗೆಯ ಪುಸ್ತಕಕ್ಕೂ ದೊರೆತ ಸ್ಥಳ ಅದಕ್ಕೆ ದೊರೆಯಲಿಲ್ಲವೆಂದಾದರೆ, ಮಗಳು ಯೂಟ್ಯೂಬಿನವನ ಪುಸ್ತಕ ತಂದಳೆಂದು ಹಲುಬುವ ಹಕ್ಕು ನಿಮಗೆಲ್ಲಿಯದು? ಉಪೇಕ್ಷೆಯ ಫಲವು ಅಂಕಿಗಳಲ್ಲಿಯೂ ಕಾಣುತ್ತದೆ. 2015–16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ತೀವ್ರ ಖಿನ್ನತೆಯುಳ್ಳ ನೂರು ಮಂದಿಯಲ್ಲಿ 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಆ 85 ಮಂದಿಯಲ್ಲಿ ಒಬ್ಬನನ್ನಾದರೂ ನಗೆಗಾರನ ಪುಸ್ತಕವು ವೈದ್ಯರಲ್ಲಿಗೆ ಕರೆದೊಯ್ದರೆ, ನಮ್ಮ ಗಂಭೀರ ಮೌನವು ಮಾಡದ ಉಪಕಾರವನ್ನು ಅದು ಮಾಡಿತೆಂದೇ ಹೇಳಬೇಕು.

ಹಾಗಾದರೆ ಕರ್ತವ್ಯವೇನು? ಮಗುವು ತಂದ ಪುಸ್ತಕವನ್ನು ಕಸಿದುಕೊಳ್ಳಬೇಡಿ. ಕೇಳಿ ಪಡೆದು ನೀವೂ ಓದಿರಿ. ಓದಿದ ಮೇಲೆ ಮೇಲಿನ ಮೂರು ಪ್ರಶ್ನೆಗಳನ್ನು ಇಬ್ಬರೂ ಕೂಡಿ ಕೇಳಿರಿ. ನಮ್ಮ ಬಡಾವಣೆಗಳ ವಾಚಕ ಕೂಟಗಳು ಕವಿತೆಗೆ ಒಂದು ಸಂಜೆ ಕೊಡುವಂತೆ ಇಂಥ ಗ್ರಂಥಕ್ಕೂ ಒಂದು ಸಂಜೆಯನ್ನು ಕೊಟ್ಟು, ಒಬ್ಬ ಮನೋವೈದ್ಯರನ್ನು ಕರೆಸಿ ಚರ್ಚಿಸಲಿ. 2017ರ ಕಾಯಿದೆಯು ಮಾನಸಿಕ ಚಿಕಿತ್ಸೆಯನ್ನು ಪ್ರತಿಯೊಬ್ಬನ ಹಕ್ಕೆಂದು ಸಾರಿದೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ‘ಟೆಲಿ ಮಾನಸ್’ ಸೇವೆಯಲ್ಲಿ 14416 ಎಂಬ ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಫೋನ್ ಮಾಡಿ, ಹಣ ತೆರದೆ, ಕನ್ನಡದಲ್ಲಿಯೇ ಮಾತನಾಡಬಹುದು. ಆ ಸಂಖ್ಯೆಯನ್ನು ಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಭಿಮಾನಿಗಳು ತಮ್ಮ ಪ್ರಿಯನನ್ನು ಪ್ರಶ್ನಿಸಲು ಕಲಿಯಲಿ. ಹಿರಿಯರು ತಮ್ಮ ಮಕ್ಕಳ ಮಾತನ್ನು ನಗದೆ ಕೇಳಲು ಕಲಿಯಲಿ. ವಾಚಕ ಮಹಾಶಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ.