ಖಾರ ಬಿಸ್ಕೆಟ್‌ಗೆ ಎಷ್ಟನೇ ದಿನ ಮಾರ್ಕ್ಸ್ ಕೊಡ್ಬೇಕು?

ಈ ವಾರದ ತಿಂಡಿ ಖಾರ ಬಿಸ್ಕೆಟ್. ಬೇಕರಿಯ ಗಾಜಿನ ಡಬ್ಬದಲ್ಲಿ ದಪ್ಪಗೆ, ಒಂಚೂರು ಒರಟಾಗಿ, ಮೈತುಂಬ ಹಸಿಮೆಣಸಿನಕಾಯಿ, ಕರಿಬೇವಿನ ಚೂರು ಅಂಟಿಸಿಕೊಂಡು ಕೂತಿರುತ್ತಲ್ಲ, ಅದೇ. ಕೋಡುಬಳೆ ಬಗ್ಗೆ ಬರೆದಾಗಿನಿಂದ ಇನ್‌ಬಾಕ್ಸ್‌ನಲ್ಲಿ ಒಂದೇ ಗಲಾಟೆ, "ಖಾರ ಬಿಸ್ಕೆಟ್ ಯಾವಾಗ?" ಅಂತ. ಕೆಲವರಂತೂ ನೇರವಾಗಿ, "ಆ್ಯಪ್‌ನಲ್ಲಿ ಸಿಗೋದ್ರಲ್ಲಿ ಯಾವುದು ಬೆಸ್ಟು, ಹೆಸರು ಹೇಳಿ ಸಾಕು" ಅಂದಿದ್ದಾರೆ. ಹೇಳೋಣ ಅಂತಲೇ ಹೊರಟಿದ್ದೆ. ಮಧ್ಯದಲ್ಲಿ ಒಂದು ಕೇಸು ಸಿಕ್ಕಿತು. ಅದು ಮುಗಿಯೋಕೆ ಒಂದೂವರೆ ತಿಂಗಳು ಹಿಡಿಯಿತು. ಹಾಗಾಗಿ ಈ ಸಲ ಬ್ರ್ಯಾಂಡ್‌ಗಳ ಪಟ್ಟಿ ಇಲ್ಲ, ಆ ಕೇಸೇ ಇದೆ.

ಮೊದಲು ಒಳ್ಳೆ ಖಾರ ಬಿಸ್ಕೆಟ್ ಅಂದ್ರೆ ನನ್ನ ಪ್ರಕಾರ ಏನು ಅಂತ ಹೇಳಿಬಿಡ್ತೀನಿ, ಆಮೇಲೆ ಜಗಳ ಬೇಡ. ಕಚ್ಚಿದ ತಕ್ಷಣ ಕಟ್ ಅಂತ ಮುರೀಬೇಕು, ಆದರೆ ಎರಡನೇ ಅಗಿತಕ್ಕೆ ಪುಡಿಯಾಗಿ ಬಾಯಲ್ಲಿ ಕರಗಬೇಕು. ಮೊದಲು ಉಪ್ಪು, ಅದರ ಹಿಂದೆ ಒಂದೇ ಒಂದು ಎಳೆ ಸಕ್ಕರೆ, ಕೊನೇಲಿ ಗಂಟಲ ಹತ್ತಿರ ಮೆಣಸಿನಕಾಯಿ. ಖಾರ ಪುಡಿ ಹಾಕಿ ಕೆಂಪಗೆ ಮಾಡಿರೋದು ನನ್ನ ಲೆಕ್ಕದಲ್ಲಿ ಬೇರೆ ತಿಂಡಿ. ಹಸಿಮೆಣಸಿನಕಾಯಿದೇ ಘಮ ಇರಬೇಕು. ಕಾಫಿಯಲ್ಲಿ ಅದ್ದಿ ತಿನ್ನೋರು ಇದ್ದಾರೆ. ಅವರ ಜೊತೆ ನನಗೆ ಮಾತಿಲ್ಲ.

ಈಗ ಕೇಸು.

ನಮ್ಮ ಏರಿಯಾದಲ್ಲಿ ಒಂದು ಬೇಕರಿ ಇದೆ. ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತೆ. ಮಾಲೀಕರು ಚನ್ನರಾಯಪಟ್ಟಣದ ಕಡೆಯವರು. ಹಾಸನ ಜಿಲ್ಲೆಯಿಂದ ಬಂದು ಬೇಕರಿ ಹಾಕಿದವರು ಬೆಂಗಳೂರಲ್ಲಿ ಎಷ್ಟು ಜನ ಇದ್ದಾರೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಇಲ್ಲಿನ ಅಯ್ಯಂಗಾರ್ ಬೇಕರಿ ಕಥೆ 1898ರಲ್ಲಿ ಚಿಕ್ಕಪೇಟೆಯ ಬಿ.ಬಿ. ಬೇಕರಿಯಿಂದ ಶುರುವಾಯ್ತು ಅಂತಾರೆ. ಅದಾದ ಮೇಲೆ ಊರಿನ ಪ್ರತಿ ಬಡಾವಣೆಯ ಮೂಲೆಗೂ ಒಂದೊಂದು ಬೋರ್ಡು ಬಂತು. ನಮ್ಮ ಅಣ್ಣನದೂ ಅಂಥದ್ದೇ ಒಂದು. ಮೊಟ್ಟೆ ಇಲ್ಲ, ಬ್ರೆಡ್ಡು ಬೆಳಗ್ಗೆ, ಪಲ್ಯ ಬನ್ನು ಮಧ್ಯಾಹ್ನ, ಖಾರ ಬಿಸ್ಕೆಟ್ ಸಂಜೆ.

ಆ ಸಂಜೆ ವ್ಯಾಪಾರ ಈಗ ಇಳಿದುಹೋಗಿದೆ. ಕಾರಣ ನಾವೇ, ಫೋನ್ ಹಿಡಿದು ಕೂತವರು. ಮೀಟಿಂಗ್ ಮಧ್ಯೆ ಹಸಿವಾದರೆ ಚಪ್ಪಲಿ ಹಾಕ್ಕೊಂಡು ಕೆಳಗಿಳಿಯಲ್ಲ, ಹತ್ತು ನಿಮಿಷದಲ್ಲಿ ತಂದುಕೊಡೋ ಆ್ಯಪ್ ತೆಗೀತೀವಿ. ಅಣ್ಣನ ಮಗ ಬಿ.ಕಾಂ. ಓದಿದ ಹುಡುಗ, ಲೆಕ್ಕ ಚೆನ್ನಾಗಿ ಗೊತ್ತು. "ನಾವೇ ಆ್ಯಪ್ ಒಳಗೆ ಹೋಗಿಬಿಡೋಣ" ಅಂತ ಒಬ್ಬ ಡಿಸ್ಟ್ರಿಬ್ಯೂಟರ್ ಹತ್ತಿರ ಮಾತಾಡಿ ಬಂದ. ಅವರು ಹೇಳಿದ್ದು ಒಂದೇ ಮಾತು: ಬಿಸ್ಕೆಟ್ 90 ದಿನ ಬಾಳಿಕೆ ಬರಬೇಕು. ಗೋಡೌನಿನಲ್ಲಿ ಒಂದಷ್ಟು ದಿನ, ಶೆಲ್ಫ್ ಮೇಲೆ ಒಂದಷ್ಟು ದಿನ, ಗಿರಾಕಿ ಮನೇಲಿ ಒಂದಷ್ಟು ದಿನ.

ಅಣ್ಣನ ಬಿಸ್ಕೆಟ್‌ಗೆ ಬೀಳೋದು ಬೆಣ್ಣೆ. ಬೆಣ್ಣೆಗೆ 90 ದಿನ ಕಷ್ಟ. ಮಗ ಪಾಮ್ ಎಣ್ಣೆಯಿಂದ ಮಾಡಿದ ಬೇಕರಿ ಶಾರ್ಟನಿಂಗ್ ತಂದು ಅದರಲ್ಲಿ ಒಂದು ಟ್ರೇ ಮಾಡಿಸಿದ. ಅಪ್ಪ ಒಂದು ಚೂರು ಬಾಯಿಗೆ ಹಾಕ್ಕೊಂಡು, ಏನೂ ಹೇಳದೆ ಒಳಗೆ ಹೋದರಂತೆ. ಮನೇಲಿ ಮೂರು ದಿನ ಮಾತುಕತೆ ಬಂದ್. ನಾಲ್ಕನೇ ದಿನ ನಾನು ಬ್ರೆಡ್ ತಗೊಳ್ಳೋಕೆ ಹೋದಾಗ ಮಗ, "ಸಾರ್, ನೀವು ತಿಂಡಿಗೆ ಮಾರ್ಕ್ಸ್ ಹಾಕ್ತೀರಲ್ಲ, ಇದಕ್ಕೂ ಹಾಕಿ. ನಮ್ಮಪ್ಪ ನನ್ನ ಮಾತು ಕೇಳಲ್ಲ" ಅಂದ. ಅಪ್ಪ ಗಲ್ಲಾದಿಂದಲೇ, "ಹಾಕಲಿ ಬಿಡಪ್ಪ. ನಾಲಿಗೆ ಇರೋರು ಯಾರಾದ್ರೂ ಹೇಳ್ತಾರೆ" ಅಂದರು. ಡಿಸ್ಟ್ರಿಬ್ಯೂಟರ್‌ಗೆ ಹೂಂ ಅಂದರೆ ಹೊಸ ಪ್ಯಾಕಿಂಗ್ ಮೆಷಿನ್‌ಗೆ ಸಾಲ ತಗೋಬೇಕು. ಊಹೂಂ ಅಂದರೆ ಇರೋ ಇಬ್ಬರು ಕೆಲಸದವರಲ್ಲಿ ಒಬ್ಬರನ್ನು ಕಳಿಸಬೇಕು. ನಾನು ಕೊಡೋ ಮಾರ್ಕ್ಸ್ ಈ ಎರಡರ ಮಧ್ಯೆ ಬೀಳುತ್ತೆ ಅಂತ ಗೊತ್ತಿದ್ದೇ ಒಪ್ಪಿಕೊಂಡೆ.

ಟೆಸ್ಟ್ ಮಾಡಿದ್ದು ಹೀಗೆ. ಒಂದೇ ದಿನ, ಒಂದೇ ಮೈದಾ, ಅದೇ ಮೊಸರು, ಅದೇ ಮೆಣಸಿನಕಾಯಿ. ಬದಲಾಗಿದ್ದು ಕೊಬ್ಬು ಮಾತ್ರ. ಎರಡನ್ನೂ ಒಂದೇ ಥರದ ಪ್ಲಾಸ್ಟಿಕ್ ಪೌಚ್‌ಗಳಿಗೆ ಹಾಕಿ ಸೀಲ್ ಮಾಡಿ, ಮೇಲೆ 'ಅ', 'ಬ' ಅಂತ ಬರೆಸಿದೆ. ಯಾವುದು ಯಾವುದು ಅನ್ನೋದು ಮಗನಿಗೆ ಮಾತ್ರ ಗೊತ್ತು. ತಿನ್ನೋಕೆ ನಮ್ಮ ಟೀಮಿನ ಒಂಬತ್ತು ಜನ, ಆಫೀಸಿನ ಪ್ಯಾಂಟ್ರಿಯಲ್ಲಿ. ಪ್ರತಿ ಸಲ ಹೊಸ ಪೌಚ್ ಒಡೆಯೋದು, ಮಧ್ಯೆ ನೀರು ಕುಡಿಯೋದು, ಮಾತಾಡೋ ಹಾಗಿಲ್ಲ, ಚೀಟಿಯಲ್ಲಿ ಬರೀಬೇಕು. ನಮ್ಮ ರಿಲೀಸ್‌ಗೂ ಇಷ್ಟು ಶಿಸ್ತಿನಿಂದ ಟೆಸ್ಟಿಂಗ್ ಆಗಲ್ಲ.

ಎರಡನೇ ದಿನ: ಒಂಬತ್ತರಲ್ಲಿ ಏಳು ಜನ 'ಅ' ಅಂದರು. ನಾನೂ ಅದನ್ನೇ ಬರೆದೆ. 'ಅ' ಬಾಯಿಗೆ ಹಾಕಿದ ಕೂಡಲೇ ಕರಗಿ, ಆ ಕರಗಿದ ಕೊಬ್ಬಿನ ಮೇಲೇ ಮೆಣಸಿನಕಾಯಿ ಘಮ ಹತ್ತಿಕೊಂಡು ಬರುತ್ತಿತ್ತು. 'ಬ' ಗರಿಗರಿ ಇನ್ನೂ ಚೆನ್ನಾಗಿತ್ತು, ಆದರೆ ತಿಂದ ಮೇಲೆ ಅಂಗುಳಿನಲ್ಲಿ ತೆಳ್ಳಗೆ ಏನೋ ಮೆತ್ತಿಕೊಂಡ ಹಾಗೆ. ಬೆಣ್ಣೆ ಮೈ ಬಿಸಿಗೇ ಪೂರ್ತಿ ಕರಗುತ್ತೆ. ಶಾರ್ಟನಿಂಗ್‌ನಲ್ಲಿ ಕೆಲವು ಕೊಬ್ಬು ಅದಕ್ಕಿಂತ ಜಾಸ್ತಿ ಬಿಸಿ ಕೇಳುತ್ತೆ. ಅದಕ್ಕೇ ಆ ಮೇಣದ ಫೀಲ್.

ಹದಿನೈದನೇ ದಿನ: ಐದು–ನಾಲ್ಕು. 'ಅ' ಇನ್ನೂ ಮುಂದೆ, ಆದರೆ ಕೂದಲೆಳೆಯಷ್ಟು. ಎರಡರಲ್ಲೂ ಕರಿಬೇವು ಸತ್ತುಹೋಗಿತ್ತು, ಬಣ್ಣ ಇತ್ತು ಅಷ್ಟೇ.

ನಲವತ್ತೈದನೇ ದಿನ ಪೌಚ್ ಒಡೆದಾಗ ತಿನ್ನೋಕೆ ಮುಂಚೆಯೇ ಗೊತ್ತಾಯ್ತು. 'ಅ'ದಿಂದ ಹಳೇ ಎಣ್ಣೆ ಡಬ್ಬದ ಮುಚ್ಚಳ ತೆಗೆದ ಹಾಗೆ ಕಮಟು ವಾಸನೆ. 'ಬ' ಮಾತ್ರ ಹದಿನೈದನೇ ದಿನ ಹೇಗಿತ್ತೋ ಹಾಗೇ. ಎಂಟು ಜನ 'ಬ' ಅಂದರು. ಒಬ್ಬ ದಾವಣಗೆರೆ ಹುಡುಗ ಮಾತ್ರ ಹಟ ಹಿಡಿದು 'ಅ' ಅಂತ ಬರೆದ. ಬೆಣ್ಣೆ ವಿಷಯದಲ್ಲಿ ಆ ಊರಿನವರ ಸಾಕ್ಷಿ ಕೋರ್ಟಿನಲ್ಲಿ ನಿಲ್ಲಲ್ಲ.

'ಅ' ಬೆಣ್ಣೆ, 'ಬ' ಶಾರ್ಟನಿಂಗ್ ಅಂತ ನಿಮಗೆ ಇಷ್ಟೊತ್ತಿಗೆ ಗೊತ್ತಾಗಿರುತ್ತೆ. ನನ್ನ ತಲೆ ಕೆಟ್ಟಿದ್ದು ಆಮೇಲೆ. ಮಗ ಕೇಳಿದ್ದು ಒಂದು ನಂಬರ್. ಯಾವ ನಂಬರ್ ಕೊಡೋದು? ಎರಡನೇ ದಿನದ ಬೆಣ್ಣೆ ಬಿಸ್ಕೆಟ್‌ಗೆ 5ಕ್ಕೆ 4.5. ಅದೇ ಬಿಸ್ಕೆಟ್‌ಗೆ ನಲವತ್ತೈದನೇ ದಿನ 1. ಶಾರ್ಟನಿಂಗ್‌ದು ಎರಡೂ ದಿನ 3, 3. ಸರಾಸರಿ ತೆಗೆದರೆ ಶಾರ್ಟನಿಂಗೇ ಗೆಲ್ಲುತ್ತೆ, ಆದರೆ ಆ ಸರಾಸರಿ ಯಾರೂ ತಿನ್ನದ ಬಿಸ್ಕೆಟ್‌ದು. ಆ್ಯಪ್‌ನಲ್ಲಿ ನಾವು ನೋಡೋ ಸ್ಟಾರ್‌ಗಳೂ ಹಾಗೇ. "ಸೂಪರ್, ಮನೆ ರುಚಿ" ಅಂದವನು ಪ್ಯಾಕ್ ಆಗಿ ಒಂದು ವಾರದ್ದು ತಿಂದಿರಬಹುದು, "ಥೂ" ಅಂದವನು ಎಂಬತ್ತನೇ ದಿನದ್ದು ತಿಂದಿರಬಹುದು. ಇಬ್ಬರೂ ಸುಳ್ಳು ಹೇಳ್ತಿಲ್ಲ. ವರ್ಷನ್ ನಂಬರ್ ಬರೆಯದೆ ಹಾಕಿದ ಬಗ್ ರಿಪೋರ್ಟ್ ನೋಡಿದವರಿಗೆ ಈ ಕಷ್ಟ ಅರ್ಥ ಆಗುತ್ತೆ.

ಇಲ್ಲಿ ಒಂದು ಮಾತು. ಬೆಣ್ಣೆ ಅಂದ ಕೂಡಲೇ ಆರೋಗ್ಯ, ಪಾಮ್ ಅಂದ ಕೂಡಲೇ ವಿಷ ಅಂತ ಫಾರ್ವರ್ಡ್ ಮಾಡೋ ಅಂಕಲ್‌ಗಳ ಪಾರ್ಟಿ ನಾನಲ್ಲ. ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್ ಕೊಬ್ಬು. ಬೆಣ್ಣೆಯಲ್ಲೂ ತೂಕದ ಅರ್ಧದಷ್ಟು ಅದೇ. ಹಳೇ ವನಸ್ಪತಿಗಿದ್ದ ದೊಡ್ಡ ಕೆಟ್ಟ ಹೆಸರು ಟ್ರಾನ್ಸ್ ಫ್ಯಾಟ್‌ದು. ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ 2 ದಾಟಬಾರದು ಅನ್ನೋ ಎಫ್‌ಎಸ್‌ಎಸ್‌ಎಐ ನಿಯಮ 2022ರ ಜನವರಿಯಿಂದ ಇದೆ. ಆರೋಗ್ಯದ ಲೆಕ್ಕದಲ್ಲಿ ಎರಡೂ ಬಿಸ್ಕೆಟ್ ಎರಡೇ ಎರಡು ತಿಂದು ಡಬ್ಬ ಮುಚ್ಚೋ ಜಾತಿಯವು. ನಾನು ಹೇಳ್ತಿರೋದು ರುಚಿ ಮಾತ್ರ, ಮತ್ತೆ ಪ್ಯಾಕೆಟ್ ಮೇಲೆ ಏನು ಬರೀತೀವಿ ಅನ್ನೋದು.

ಯಾಕಂದ್ರೆ ಟೆಸ್ಟ್ ನಡೀತಿದ್ದಾಗ ಹೋಲಿಕೆಗೆ ಅಂತ ಅಂಗಡಿಯಿಂದ ಒಂದು ಪ್ಯಾಕೆಟ್ ತಂದಿದ್ದೆ. ಮುಂದುಗಡೆ ಬೆಣ್ಣೆ ಮುದ್ದೆಯ ದೊಡ್ಡ ಫೋಟೋ. ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿ ಮೈದಾ, ಪಾಮ್ ಎಣ್ಣೆ, ಸಕ್ಕರೆ, ಉಪ್ಪು, ಎಲ್ಲ ಆದ ಮೇಲೆ ಬೆಣ್ಣೆ ಶೇ 2. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲೇ ಬರೀಬೇಕು ಅನ್ನೋದು ನಿಯಮ, ಹಾಗಾಗಿ ಆ ಪಟ್ಟಿ ಸುಳ್ಳು ಹೇಳಲ್ಲ. ಫೋಟೋಗೆ ಅಂಥ ಕಷ್ಟ ಇಲ್ಲ. ಅಲ್ಲೇ ಐಎನ್‌ಎಸ್ 319 ಅಂತ ಕಂಡರೆ ಗಾಬರಿ ಬೇಡ, ಎಣ್ಣೆ ಬೇಗ ಕಮಟಾಗದ ಹಾಗೆ ಹಾಕೋ ಅನುಮತಿ ಇರುವ ಪದಾರ್ಥ ಅದು. ಆದರೆ ಅದು ಇದೆ ಅಂದ್ರೆ ಈ ತಿಂಡಿ ದೂರ ಪ್ರಯಾಣಕ್ಕೆ ಅಂತಲೇ ಹುಟ್ಟಿದ್ದು.

ಪ್ರಯಾಣಕ್ಕೆ ಹುಟ್ಟಿದ ತಿಂಡಿಗಳು ನಮ್ಮಲ್ಲೂ ಇವೆ ಅನ್ನಿ. ಕೋಡುಬಳೆ, ನಿಪ್ಪಟ್ಟು, ಕಾಂಗ್ರೆಸ್ ಕಡ್ಲೆಕಾಯಿ ಪ್ಯಾಕೆಟ್‌ನಲ್ಲಿ ತಗೊಂಡರೆ ಅಂಥ ನಷ್ಟ ಇಲ್ಲ. ನೀರಿನಂಶ ಕಮ್ಮಿ, ಗಾಳಿ ತಾಗದಿದ್ದರೆ ಸಾಕು. ಹನಿ ಕೇಕ್, ದಿಲ್‌ಪಸಂದ್ ಮಾತ್ರ ಪ್ಯಾಕೆಟ್‌ನಲ್ಲಿ ಕಂಡರೆ ಮುಂದೆ ಹೋಗಿ. ಖಾರ ಬಿಸ್ಕೆಟ್ ಇವೆರಡರ ಮಧ್ಯೆ ಸಿಕ್ಕಿಹಾಕಿಕೊಂಡಿರೋ ಪ್ರಾಣಿ. ನೋಡೋಕೆ ಒಣ ತಿಂಡಿ, ಆದರೆ ಅದರ ಜೀವ ಇರೋದು ಬೆಣ್ಣೆಯಲ್ಲಿ ಮತ್ತು ಹಸಿ ಸೊಪ್ಪಿನಲ್ಲಿ. ಎರಡಕ್ಕೂ ಆಯಸ್ಸು ಕಮ್ಮಿ.

ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪ ಮಗ ಇಬ್ಬರ ಮುಂದೆ ಇಟ್ಟೆ. ಒಂದು ನಂಬರ್ ಕೊಡಲಿಲ್ಲ, ದಿನದ ಸಮೇತ ಆರು ಕೊಟ್ಟೆ. ಮಗನಿಗೆ ಹೇಳಿದೆ: 90 ದಿನ ಬೇಕೇ ಬೇಕು ಅಂದ್ರೆ ಶಾರ್ಟನಿಂಗ್‌ದು ಮರ್ಯಾದಸ್ಥ ಬಿಸ್ಕೆಟ್, ಮಾರು. ಆದರೆ ಅದರ ಮೇಲೆ ಬೆಣ್ಣೆ ಚಿತ್ರ ಹಾಕಬೇಡ. ಅಣ್ಣನಿಗೆ ಹೇಳಿದೆ: ನಿಮ್ಮದು 4.5, ಆದರೆ ಹದಿನೈದು ದಿನದ ಒಳಗೆ ಮಾತ್ರ. ಈಗ ಪೌಚ್ ಮೇಲೆ ಎಂದು ಮಾಡಿದ್ದು ಅಂತ ಇಲ್ಲ, ಅದನ್ನು ಹಾಕಿ. ಬಿಡಿ ಸಿಹಿತಿಂಡಿ ಟ್ರೇಗೇ ಬೆಸ್ಟ್ ಬಿಫೋರ್ ದಿನಾಂಕ ಹಾಕಬೇಕು ಅಂತ 2020ರ ಅಕ್ಟೋಬರ್‌ನಲ್ಲೇ ನಿಯಮ ಬಂತು, ಬಿಸ್ಕೆಟ್ ಪೌಚ್‌ಗೆ ಏನು ರೋಗ? ಚಿಪ್ಸ್‌ನವರ ಹಾಗೆ ಒಳಗೆ ನೈಟ್ರೋಜನ್ ತುಂಬಿಸಿ, ಬೆಳಕು ಹಾಯದ ಪೌಚ್‌ಗೆ ಹಾಕಿದರೆ ಬೆಣ್ಣೆ ಇನ್ನೂ ಕೆಲವು ವಾರ ತಡೆದೀತು ಅಂತಲೂ ಹೇಳಿದೆ. ಆದರೆ ಆ ಮೆಷಿನ್ ಬೆಲೆ ಕೇಳಿ ಮಗನೇ ಕೈ ಮುಗಿದ.

ಅಣ್ಣ ಹಾಳೆ ಎರಡು ಸಲ ಓದಿದರು. "ಎರಡೂ ಮಾಡೋಣ, ಆದ್ರೆ ಒಂದೇ ಹೆಸರಲ್ಲಿ ಬೇಡ" ಅಂದರು. ಬೇಕರಿ ಹೆಸರು ಕೌಂಟರಿನದಕ್ಕೆ ಮಾತ್ರ. ಆ್ಯಪ್‌ಗೆ ಹೋಗೋದಕ್ಕೆ ಬೇರೆ ಹೆಸರು ಇಡಬೇಕು. ಮಗನಿಗೆ ಇದು ಇಷ್ಟ ಇಲ್ಲ. ಮೂವತ್ತು ವರ್ಷದ ಹೆಸರು ಬಿಟ್ಟು ಹೊಸ ಹೆಸರಿಟ್ಟರೆ ಆ್ಯಪ್‌ನಲ್ಲಿ ಯಾರು ನೋಡ್ತಾರೆ ಅನ್ನೋದು ಅವನ ಪ್ರಶ್ನೆ. ಅದಕ್ಕೆ ನನ್ನ ಹತ್ತಿರವೂ ಉತ್ತರ ಇರಲಿಲ್ಲ. ಈ ಬರಹ ಕಳಿಸೋ ಹೊತ್ತಿಗೆ ಮಾತುಕತೆ ಇನ್ನೂ ನಡೀತಿದೆ. ಡಿಸ್ಟ್ರಿಬ್ಯೂಟರ್ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಹೆಸರು ಬರೆಯದೆ ಇರೋದು ಇದಕ್ಕೇ.

ನಿಮಗೆ ಬೇಕಾದ ವಿಷಯಕ್ಕೆ ಬರೋಣ. ಆ್ಯಪ್‌ನಲ್ಲಿ ತಗೊಳ್ಳೋದಾದ್ರೆ ಸ್ಟಾರ್ ಬಿಟ್ಟು ಪ್ಯಾಕ್ ಆದ ದಿನಾಂಕ ನೋಡಿ. ಲಿಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಕಾಣಲ್ಲ, ಪ್ಯಾಕೆಟ್ ಕೈಗೆ ಬಂದಾಗ ನೋಡಿ, ಮುಂದಿನ ಸಲ ತಗೋಬೇಕಾ ಅಂತ ಅದರಿಂದ ತೀರ್ಮಾನಿಸಿ. ಬೆಣ್ಣೆಯದಾದ್ರೆ ಎರಡು ವಾರದೊಳಗಿನದು ಇರಲಿ. ಬೇಕರಿಯಲ್ಲಾದ್ರೆ ನಾಚಿಕೆ ಬಿಟ್ಟು, "ಅಣ್ಣ, ಇದು ಯಾವತ್ತಿಂದು?" ಅಂತ ಕೇಳಿ. ಹಿಂದುಮುಂದು ನೋಡದೆ ಉತ್ತರ ಕೊಟ್ಟರೆ ಕಾಲು ಕೆಜಿ ಕಟ್ಟಿಸಿ. ಮನೇಲಿ ಸ್ಟೀಲ್ ಡಬ್ಬ, ಬಿಸಿಲು ಬೀಳದ ಜಾಗ. ಮೆತ್ತಗಾಗಿದ್ರೆ ದಪ್ಪ ತವಾ ಮೇಲೆ, ಎಣ್ಣೆ ಹಾಕದೆ, ಸಣ್ಣ ಉರಿಯಲ್ಲಿ ಎರಡೂ ಕಡೆ ಬಿಸಿ ಮಾಡಿ, ಪೂರ್ತಿ ಆರಿದ ಮೇಲೆ ತಿನ್ನಿ. ಬಿಸಿ ಇದ್ದಾಗ ಮೆತ್ತಗೇ ಇರುತ್ತೆ, ಆರಿದ ಮೇಲೆ ಗರಿಗರಿ ಬರುತ್ತೆ. ಕಮಟಾಗಿದ್ರೆ ಮಾತ್ರ ಯಾವ ತವಾ ಬಂದರೂ ಆಗಲ್ಲ, ಬಿಸಾಕಿ.

ಮುಂದಿನ ವಾರ ಬೆಣ್ಣೆ ಬಿಸ್ಕೆಟ್. ಪ್ಯಾಕೆಟ್ ಫೋಟೋ ಕಳಿಸೋರು ದಯವಿಟ್ಟು ಹಿಂದುಗಡೆದೂ ಕಳಿಸಿ.