ಮನೆ ಮುಂದೆ ಪಾಪ್ಲರ್ ಬೇಕಂತೆ, ನೀರು ಯಾರ ಮನೆಯದು?

ಬೋರನಕಣಿವೆ, ಹುಳಿಯಾರು ಕಡೆ ಹೊಸದಾಗಿ ಮನೆ ಕಟ್ಟಿದ ಕೆಲವರಿಗೆ ಈಗ ಒಂದು ಗೀಳು ಹತ್ತಿದೆ. ಗೃಹಪ್ರವೇಶದ ಚಪ್ಪರ ಬಿಚ್ಚುವ ಮೊದಲೇ ಮೊಬೈಲ್ ಹಿಡಿದುಕೊಂಡು ನರ್ಸರಿಯವನ ಮುಂದೆ ನಿಲ್ಲುತ್ತಾರೆ. "ಇದೇ ಮರ ಬೇಕು ಕಣಪ್ಪ, ಕಂಬದ ಹಾಗೆ ನೆಟ್ಟಗೆ ಹೋಗಬೇಕು, ಎರಡು ವರ್ಷಕ್ಕೆ ಮಾಳಿಗೆ ಮುಟ್ಟಬೇಕು" ಅಂತಾರೆ. ಫೋಟೋದಲ್ಲಿರುವುದು ಪಾಪ್ಲರ್. ಕಾಶ್ಮೀರದ ಸಿನಿಮಾ ಹಾಡಿನಲ್ಲಿ ನಾಯಕ ನಾಯಕಿ ಓಡುವಾಗ ರಸ್ತೆಯ ಎರಡೂ ಬದಿ ಸಾಲಾಗಿ ನಿಂತಿರುತ್ತದಲ್ಲ, ಅದೇ.

ನರ್ಸರಿಯವನೂ ವ್ಯಾಪಾರಸ್ಥನೇ. ಇಲ್ಲ ಅನ್ನುವ ಬದಲು ಕೋನೋಕಾರ್ಪಸ್ ಕೊಟ್ಟು ಕಳಿಸುತ್ತಾನೆ. ಗಿಡ ಹಸಿರಾಗಿರುತ್ತದೆ, ಬೇಗ ಏಳುತ್ತದೆ, ದನ ಬಾಯಿ ಹಾಕುವುದಿಲ್ಲ. ಬೇರು ಚರಂಡಿ, ಪೈಪು, ಕೇಬಲ್ಲು ಎಲ್ಲಕ್ಕೂ ನುಗ್ಗುತ್ತದೆ ಅನ್ನುವ ದೂರಿನ ಮೇಲೆ ಗುಜರಾತ್ ಸರ್ಕಾರ 2023ರಲ್ಲಿ ಇದನ್ನು ನೆಡುವುದನ್ನೇ ನಿಷೇಧಿಸಿತು. ಅಲ್ಲಿ ಬೇಡವಾದದ್ದು ಇಲ್ಲಿ ಗೇಟಿನ ಮುಂದೆ ಶೋಕಿ!

ಪಾಪ್ಲರ್ ಕೆಟ್ಟ ಮರವಲ್ಲ, ಆ ಮಾತು ಮೊದಲೇ ಹೇಳಿಬಿಡಬೇಕು. ಪಂಜಾಬು, ಹರಿಯಾಣ, ಪಶ್ಚಿಮ ಉತ್ತರ ಪ್ರದೇಶದ ರೈತರು ಗೋಧಿ ಗದ್ದೆಯ ನಡುವೆ ಸಾಲು ನೆಟ್ಟು, ಆರೆಂಟು ವರ್ಷಕ್ಕೆ ಕಡಿದು ಪ್ಲೈವುಡ್ ಕಾರ್ಖಾನೆಗೆ ಹಾಕಿ ಕಾಸು ಮಾಡಿಕೊಂಡಿದ್ದಾರೆ. ಯಮುನಾನಗರದ ಮಾರುಕಟ್ಟೆ ನಿಂತಿರುವುದೇ ಇದರ ಮೇಲೆ. ಬೆಂಕಿಪೊಟ್ಟಣದ ವಿಮ್ಕೊ ಕಂಪನಿ ಕಡ್ಡಿಗಾಗಿ ಆ ಸೀಮೆಯಲ್ಲಿ ಇದನ್ನು ಹಬ್ಬಿಸಿತು. ಆದರೆ ಅದು ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗಿ ಏಳುವ ಮರ. ಅದಕ್ಕೆ ಬೇಕಾದ ಚಳಿ ಇಲ್ಲಿ ಎಲ್ಲಿದೆ? ಮೇಲಾಗಿ ಅದರ ಬುಡದಲ್ಲಿ ಯಾವಾಗಲೂ ತೇವ ಇರಬೇಕು. ಉತ್ತರದವರಿಗೆ ಹಿಮಾಲಯದ ನೀರಿದೆ, ಕಾಲುವೆ ಇದೆ. ಇಲ್ಲಿ ವರ್ಷಕ್ಕೆ ಬೀಳುವುದು 600-700 ಮಿಲಿಮೀಟರ್ ಆಸುಪಾಸು, ಅದೂ ಬಂದರೆ ಬಂತು.

ಬೋರನಕಣಿವೆ ಜನಕ್ಕೆ ನೀರಿನ ಪಾಠ ಯಾರೂ ಹೇಳಿಕೊಡಬೇಕಾಗಿಲ್ಲ. ಮಹಾರಾಜರ ಕಾಲದಲ್ಲಿ ಸುವರ್ಣಮುಖಿಗೆ ಕಟ್ಟಿದ ಅಣೆ ಕಣ್ಣೆದುರಿಗೇ ಇದೆ. ಅದು ವರ್ಷಗಟ್ಟಲೆ ಬರಿದಾಗಿ ಮಲಗಿದ್ದನ್ನೂ ಕಂಡಿದ್ದಾರೆ, ನೀರು ಬಂದಾಗ ಜಾತ್ರೆಯ ಹಾಗೆ ನೋಡಲು ಹೋಗಿದ್ದೂ ಉಂಟು. ಬರದಲ್ಲಿ ಸುಳಿ ಬಾಡಿ, ಗರಿ ಜೋತು, ಕೊನೆಗೆ ಬರೀ ಕಂಬವಾಗಿ ನಿಂತ ತೆಂಗಿನ ತೋಟಗಳನ್ನು ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆ ಮೂರೂ ತಾಲ್ಲೂಕು ಮರೆತಿಲ್ಲ. ತೆಂಗಿಗೆ ಟ್ಯಾಂಕರ್ ನೀರು ಹೊಡೆಸಿದ ಮನುಷ್ಯನೇ ಗೇಟಿನ ಮುಂದೆ ನೀರು ಕುಡಿಯುವ ಪರದೇಶಿ ಮರ ಕೇಳಿದರೆ ಏನೆನ್ನಬೇಕು?

ಕಾಶ್ಮೀರದ ಕತೆ ಇನ್ನೂ ಸ್ವಾರಸ್ಯದ್ದು. 1982ರ ಸುಮಾರಿಗೆ ವಿಶ್ವಬ್ಯಾಂಕಿನ ಸಾಮಾಜಿಕ ಅರಣ್ಯ ಯೋಜನೆಯಲ್ಲಿ ಅಮೆರಿಕದ ಪಾಪ್ಲರ್ ಅಲ್ಲಿಗೆ ಬಂತು. ಜನ ಅದನ್ನು ಕರೆದದ್ದು 'ರಷ್ಯದ ಪಾಪ್ಲರ್' ಅಂತ! ಹೆಣ್ಣು ಮರದ ಬೀಜದಿಂದ ಹತ್ತಿಯಂಥ ನಾರು ಊರೆಲ್ಲ ಹಾರಿ, ಮೂಗು ಗಂಟಲಿನ ದೂರು ಎದ್ದು, 2015ರಲ್ಲಿ ಹೈಕೋರ್ಟು ಕಡಿಯಿರಿ ಎಂದು ಹೇಳಬೇಕಾಯಿತು.

ಅದೇ ವಿಶ್ವಬ್ಯಾಂಕಿನ ಸಾಲದಲ್ಲಿ ಕರ್ನಾಟಕಕ್ಕೆ ಬಂದದ್ದು ನೀಲಗಿರಿಯ ಅಬ್ಬರ. 1983ರಲ್ಲಿ ಇದೇ ತುಮಕೂರು ಜಿಲ್ಲೆಯಲ್ಲಿ ರೈತಸಂಘದವರು ಅರಣ್ಯ ಇಲಾಖೆಯ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತೆಸೆದು, ಆ ಜಾಗದಲ್ಲಿ ಹುಣಸೆ, ಮಾವು ಹಾಕಿ ಬಂದರು. ಆಗ ಅವರನ್ನು ನೋಡಿ ನಕ್ಕವರಿದ್ದರು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ನಗಾಡಿದವರು ಈಗ ಎಲ್ಲಿದ್ದಾರೋ.

ಸರಿ ಸ್ವಾಮಿ, ಹಾಗಾದರೆ ಏನು ನೆಡೋಣ ಅಂತೀರಾ?

ಪಾಪ್ಲರ್‌ನ ಅಂದವೇ ಬೇಕು ಅನ್ನುವವರಿಗೆ ಮನೆಯಂಗಳದಲ್ಲೇ ಉತ್ತರ ಇದೆ. ಹೂವರಸಿ. ಸಸ್ಯಶಾಸ್ತ್ರದವರು ಇದಕ್ಕೆ ಇಟ್ಟಿರುವ ಹೆಸರು ಥೆಸ್ಪೇಸಿಯ ಪಾಪುಲ್ನಿಯ, ಅಂದರೆ ಪಾಪ್ಲರ್‌ನಂಥ ಎಲೆಯದು. ಅರಳಿ ಎಲೆಯ ಹಾಗೆ ಹೃದಯದಾಕಾರ. ಬೆಳಿಗ್ಗೆ ಹಳದಿ ಹೂವು, ಸಂಜೆಗೆ ಕೆಂಪಗೆ ತಿರುಗುತ್ತದೆ. ಬಲಿತ ಕೊಂಬೆಯ ಗೂಟ ನೆಟ್ಟರೂ ಚಿಗುರುತ್ತದೆ, ವರ್ಷಪೂರ್ತಿ ನೆರಳು. ಮರವೂ ಗಟ್ಟಿ, ಹಿಂದೆ ಗಾಡಿ ಸಾಮಾನಿಗೆ ಬಳಸುತ್ತಿದ್ದರು. ಇಷ್ಟಿದ್ದೂ ಇದನ್ನು ಕೇಳುವವರಿಲ್ಲ, ಇಂಗ್ಲಿಷ್ ಹೆಸರು ಗೊತ್ತಿಲ್ಲ ನೋಡಿ!

ಹಿತ್ತಲಲ್ಲಿ ಜಾಗ ಇದ್ದವರು ಹಲಸು ನೆಡಲಿ. ಗುಬ್ಬಿ ತಾಲ್ಲೂಕಿನ ಚೇಳೂರು ಕಡೆಯ 'ಸಿದ್ದು' ಹಲಸನ್ನು ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರೇ ಮೆಚ್ಚಿಕೊಂಡಿದ್ದಾರೆ. ತೊಳೆ ಕೆಂಪು, ಹಣ್ಣು ಎರಡೂವರೆ ಕೆಜಿ ಆಸುಪಾಸು, ಒಂದು ಮನೆ ಒಂದೇ ದಿನಕ್ಕೆ ಖಾಲಿ ಮಾಡಬಹುದು. ಕಸಿ ಗಿಡವನ್ನೇ ತರಬೇಕು, ಬೀಜ ಹಾಕಿದರೆ ಅದೇ ಗುಣ ಬರುವ ಖಾತರಿ ಇಲ್ಲ. ಅಂಗಡಿ ಮುಂದಕ್ಕೆ ಹೊಂಗೆ, ಅದಕ್ಕಿಂತ ತಂಪು ಇನ್ನೊಂದಿಲ್ಲ. ಅವಸರದವರಿಗೆ ಹೆಬ್ಬೇವು ಉಂಟು. ಓಟದಲ್ಲಿ ಪಾಪ್ಲರ್‌ಗೆ ಕಮ್ಮಿಯಿಲ್ಲ, ಪ್ಲೈವುಡ್ಡಿಗೂ ಹೋಗುತ್ತದೆ. ಆದರೆ ಅದು ಹೊಲದ ಬದುವಿಗೆ ಸರಿ. ಮರ ಹಗುರ, ಜೋರು ಗಾಳಿಗೆ ಕೊಂಬೆ ಮುರಿದು ಶೀಟಿನ ಮೇಲೆ ಬಿದ್ದರೆ ಮನೆಯೊಡೆಯನಿಗೇ ನಷ್ಟ. ಅರಳಿ, ಆಲ, ಅತ್ತಿ ಇವು ಕಟ್ಟೆಯ ದೇವರುಗಳು, ಗೋಡೆ ಪಕ್ಕಕ್ಕೆ ಕರೆಯಬಾರದು.

ಬೇರಿನ ವಿಷಯದಲ್ಲಿ ಒಂದು ಮಾತು. ಗಟ್ಟಿ ಪೈಪನ್ನು ಬೇರು ಒಡೆದುಕೊಂಡು ಹೋಗುವುದಿಲ್ಲ. ಜಾಯಿಂಟು ಸೋರುವ ಕಡೆ ತೇವ ಹುಡುಕಿಕೊಂಡು ಒಳಗೆ ಹೋಗುತ್ತದೆ, ಆಮೇಲೆ ದಪ್ಪವಾಗುತ್ತದೆ. ಆದ್ದರಿಂದ ಸಂಪು, ಶೌಚದ ಗುಂಡಿಯಿಂದ ದೊಡ್ಡ ಮರ ಇಪ್ಪತ್ತು ಅಡಿಯಾದರೂ ದೂರ ಇರಬೇಕು. 30-40 ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ ಅಂದರೆ, ನುಗ್ಗೆ, ಕರಿಬೇವು, ಸೀಬೆ ಸಾಕು. ತಲೆ ಎತ್ತಿ ನೋಡುವುದೂ ಮುಖ್ಯ. ವಿದ್ಯುತ್ ತಂತಿಯ ಕೆಳಗೆ ನೆಟ್ಟ ಮರವನ್ನು ಲೈನ್‌ಮನ್ ಬಂದು ಅರ್ಧ ತಲೆ ಬೋಳಿಸಿ ಹೋಗುತ್ತಾನೆ, ಅವನನ್ನು ಬೈದು ಪ್ರಯೋಜನವಿಲ್ಲ. ಬೇಡವೆಂದು ಆಮೇಲೆ ಕಡಿಯುವುದೂ ಸುಲಭವಲ್ಲ, 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಪ್ರಕಾರ ಹಲವು ಜಾತಿಯ ಮರಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಅಂಗಡಿ ಮಾಲೀಕರಿಗೂ ಒಂದು ಕಿವಿಮಾತು ಇದೆ, ಕೋಪಿಸಿಕೊಳ್ಳಬಾರದು. ಬೋರ್ಡು ಮರೆಯಾಗುತ್ತದೆ ಅಂತ ರಾತ್ರೋರಾತ್ರಿ ಮರದ ಬುಡಕ್ಕೆ ಆಸಿಡ್ ಸುರಿಯುವವರು ನಮ್ಮ ಪೇಟೆಗಳಲ್ಲೂ ಉಂಟು. ಬೇಸಿಗೆ ಬಂದಾಗ ಅವರೇ ಸಾವಿರಾರು ರೂಪಾಯಿ ಕೊಟ್ಟು ಶೀಟು ಇಳಿಬಿಡುತ್ತಾರೆ. ಗಿರಾಕಿ ಮಾತ್ರ ಎದುರು ಸಾಲಿನ ಹೊಂಗೆ ನೆರಳಲ್ಲಿ ಬೈಕು ನಿಲ್ಲಿಸಿ ಅಲ್ಲೇ ವ್ಯಾಪಾರ ಮುಗಿಸಿಕೊಂಡು ಹೋಗುತ್ತಾನೆ. ರಸ್ತೆ ಅಗಲ ಮಾಡುವಾಗ ಹೆದ್ದಾರಿಯ ಸಾಲುಮರ ಉರುಳಿದ ಮೇಲೆ, ಮಗು ಎತ್ತಿಕೊಂಡು ಬಸ್ಸಿಗೆ ಕಾಯುವ ಹೆಂಗಸರು ಕರೆಂಟು ಕಂಬದ ನೆರಳಿನ ಗೆರೆಯಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತಿರುವುದನ್ನು ಪ್ರಯಾಣಿಕರು ದಿನಾ ನೋಡುತ್ತಿದ್ದಾರೆ.

ಗುಂಡಿ ತೆಗೆಯುವ ಕಾಲ ಏಪ್ರಿಲ್-ಮೇ. ಎರಡಡಿ ಉದ್ದ, ಅಗಲ, ಆಳ ತೆಗೆದು ಬಿಸಿಲಿಗೆ ಬಿಟ್ಟು, ಮೇಲ್ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮುಂಗಾರಿನ ಎರಡು ಹದ ಮಳೆ ಬಿದ್ದ ಮೇಲೆ ನೆಡಬೇಕು. ಬುಡಕ್ಕೆ ತೆಂಗಿನ ಸಿಪ್ಪೆ ಕವುಚಿ ಹಾಕಿದರೆ ತೇವ ನಿಲ್ಲುತ್ತದೆ, ಈ ಸೀಮೆಯಲ್ಲಿ ಸಿಪ್ಪೆಗೇನು ಬರವೇ? ಎರಡು ಬೇಸಿಗೆ ಬಿಂದಿಗೆ ನೀರು ಹೊತ್ತರೆ ಮೂರನೆಯದಕ್ಕೆ ಗಿಡ ತಾನೇ ನಿಲ್ಲುತ್ತದೆ. ಅರಣ್ಯ ಇಲಾಖೆಯ ನರ್ಸರಿಯವರು ಬರುವ ಮುಂಗಾರಿಗೆ ಹೊಂಗೆಯ ಜೊತೆ ಹೂವರಸಿ ಸಸಿಯನ್ನೂ ಎಬ್ಬಿಸಿಡಲಿ. ಕೇಳುವವರು ಬಾರದಿದ್ದರೆ ಪ್ರತಿ ಬಸ್‌ಸ್ಟಾಪಿನ ಪಕ್ಕ ಎರಡೆರಡು ನೆಡಿಸಲಿ, ಸುತ್ತ ಮುಳ್ಳುಬೇಲಿ ಮಾತ್ರ ಭದ್ರವಾಗಿರಲಿ. ಊರ ಆಡುಗಳು ಕಾಯುತ್ತಾ ಕೂತಿವೆ.